ಧೂಪದ ಬೀಜ ಕಾಯುವುದಿಲ್ಲ

ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿ ದಕ್ಷಿಣ ಕನ್ನಡದ ಗಾಡಿರಸ್ತೆಗಳಿಗೆ ನೆರಳಾಗಲೆಂದು ನೆಡಿಸಿದ ಮರಗಳಲ್ಲಿ ಧೂಪವೂ ಒಂದು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಈ ದಟ್ಟಕಾಡಿನ ಮರವನ್ನು ಬಿಸಿಲಿನ ರಸ್ತೆಬದಿಗೆ ತಂದು ಉಳಿಸಿದವರ ಮೇಲೆ ನನಗೆ ದೊಡ್ಡ ಗೌರವ. ಬೆಳ್ತಂಗಡಿ ತಾಲೂಕಿನ ನಮ್ಮ ಮನೆಯ ಹಿತ್ತಲಲ್ಲಿ ಕಾಡುಮರಗಳ ಸಸಿ ಮಾಡುವ ನನಗೆ ಅದರ ಕಷ್ಟ ಗೊತ್ತು.

ಧೂಪದ ಕಾಯಿ ಬಲಿತು ಉದುರುವುದು ಮಳೆ ಹಿಡಿಯುವ, ತುಳುವರ ಕಾರ್ತೆಲ್ ತಿಂಗಳ ಆಸುಪಾಸಿನಲ್ಲಿ. ಕಂದು ಸಿಪ್ಪೆ ಮೂರಾಗಿ ಬಿರಿದು, ಒದ್ದೆ ನೆಲದಲ್ಲಿ ಬಿದ್ದಲ್ಲೇ ಮೊಳೆಯುತ್ತದೆ. ಹೆಕ್ಕಿ ತಂದು ಒಣಗಿಸಿದಿರೋ, ಬೀಜ ಸತ್ತಿತು. ಮುಂದಿನ ವರ್ಷಕ್ಕೆಂದು ತೆಗೆದಿಡುವ ಮಾತೇ ಇಲ್ಲ. ಸಾಲುಮರ ನೆಟ್ಟವರು ಆ ಕೆಲವೇ ವಾರಗಳಲ್ಲಿ ಬೀಜ ತಂದು, ಎಳೆಗಿಡಕ್ಕೆ ನೆರಳು ಕಟ್ಟಿ, ದನ ಮೇಯದಂತೆ ಬೇಲಿ ಹಾಕಿ ಬೆಳೆಸಿರಬೇಕು.

ಮರದಿಂದ ಊರಿಗೆ ಬಹಳ ಸಿಕ್ಕಿದೆ. ತೊಗಟೆ ಕೆತ್ತಿದರೆ ಒಸರುವ ಬಿಳಿ ರಾಳ ದೇವರ ಮುಂದಿನ ಕೆಂಡಕ್ಕೆ. ಬೀಜದ ತಿರುಳಿನಲ್ಲಿ ಶೇ. 20ರಷ್ಟು ಕೊಬ್ಬಿದೆ. ನನ್ನ ಅಜ್ಜಿ ಅದನ್ನು ಹುರಿದು, ಅರೆದು, ನೀರಿನಲ್ಲಿ ಕುದಿಸುತ್ತಿದ್ದರು. ಮೇಲೆ ತೇಲಿದ್ದು ಆರಿದ ಮೇಲೆ ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಸೀಮೆಎಣ್ಣೆ ಬರುವ ಮೊದಲು ಆ ಕೊಬ್ಬಿನಿಂದ ದೀಪ ಉರಿಯುತ್ತಿತ್ತಂತೆ. ಆಮೇಲೆ ಸೋಪಿಗೂ ಹೋಯಿತು. ಮರವನ್ನೇ ನುಂಗಿದ್ದು ಮಾತ್ರ ಪ್ಲೈವುಡ್ ಮತ್ತು ಪೆಟ್ಟಿಗೆ ಹಲಗೆಯ ಬೇಡಿಕೆ. ಇಂದು ಧೂಪ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಭೀತಿಯಲ್ಲಿರುವ ಮರ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ನಮ್ಮ ಗುಡ್ಡೆಗಳಿಗೆ ಬಂದದ್ದು ಆಸ್ಟ್ರೇಲಿಯಾದ ಅಕೇಶಿಯಾ. ಅದರ ಬೀಜ ವರ್ಷಗಟ್ಟಲೆ ಗೋಣಿಯಲ್ಲಿ ಕೆಡದೆ ಇರುತ್ತದೆ. ಯಾವಾಗ ಬೇಕೋ ಆಗ ಬಿತ್ತಬಹುದು. ಧೂಪ ಹಿಂದೆ ಬಿದ್ದದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ನಂಬುತ್ತೇನೆ. ಕಚೇರಿಯ ಕಡತ ಮುಗಿಯುವವರೆಗೆ ಅದರ ಬೀಜ ಬದುಕುವುದಿಲ್ಲ.

ಹಾಗಾಗಿ ಧೂಪಕ್ಕೆ ಬೀಜದ ಉಗ್ರಾಣವೆಂದರೆ ನಿಂತಿರುವ ಮರಗಳೇ. ಮಂಗಳೂರು–ಮೂಡುಬಿದಿರೆ–ಕಾರ್ಕಳ ಹೆದ್ದಾರಿ, ಚಾರ್ಮಾಡಿಯತ್ತ ಹೋಗುವ ಹೆದ್ದಾರಿ, ಎರಡೂ ಅಗಲವಾಗುತ್ತ ಹಳೆಯ ಮರಗಳು ಉರುಳಿವೆ. ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎನ್ನುವವರನ್ನು ನಾನು ಕೇಳುವುದಿಷ್ಟೇ: ಯಾವ ಮರದ ಬೀಜದಿಂದ? ಕಡಿಯುವುದೇ ಆದರೆ ಒಂದು ಮಳೆಗಾಲ ತಡೆಯಿರಿ, ಕಾಯಿ ಹೆಕ್ಕಲು ಬಿಡಿ. ನಮ್ಮೂರಿನ ನಾಗಬನದವರು ಸಸಿ ಕೇಳಿದ್ದಾರೆ. ಅಲ್ಲಿ ನೆರಳಿದೆ, ಕತ್ತಿ ಆಡಿಸುವವರಿಲ್ಲ. ಆಟಿ ತಿಂಗಳು ಮುಗಿಯುವುದರೊಳಗೆ ನೆಡಬೇಕು.