ಕೊನೆಯ ಹಂತದ ಸಾಹಸ ಬಂಡವಾಳ

ತನ್ನ ಸರಕನ್ನು ಅಥವಾ ಸೇವೆಯನ್ನು ಮಾರುಕಟ್ಟೆಯಲ್ಲಿ ನೆಲೆಗೊಳಿಸಿ ಗಣನೀಯ ವರಮಾನ ಗಳಿಸುತ್ತಿರುವ, ಆದರೆ ಷೇರುಪೇಟೆಯನ್ನು ಇನ್ನೂ ಪ್ರವೇಶಿಸದ ನವೋದ್ಯಮವು ವಿಸ್ತರಣೆಗೆಂದು ಖಾಸಗಿ ಹೂಡಿಕೆದಾರರಿಂದ ಷೇರುಗಳಿಗೆ ಪ್ರತಿಯಾಗಿ ಪಡೆಯುವ ದೊಡ್ಡ ಮೊತ್ತವನ್ನು ಕೊನೆಯ ಹಂತದ ಸಾಹಸ ಬಂಡವಾಳ ಎನ್ನುತ್ತಾರೆ. ಬೀಜ ಬಂಡವಾಳದ ನಂತರದ ಸುತ್ತುಗಳನ್ನು ಎ, ಬಿ, ಸಿ ಎಂದು ಅಕ್ಷರಕ್ರಮದಲ್ಲಿ ಗುರುತಿಸುವ ರೂಢಿಯಿದ್ದು, ಸಾಮಾನ್ಯವಾಗಿ ಸಿ ಅಥವಾ ಡಿ ಸುತ್ತಿನಿಂದ ಮುಂದಿನವು ಈ ವರ್ಗಕ್ಕೆ ಸೇರುತ್ತವೆ. ಆರಂಭದ ಹೂಡಿಕೆದಾರರು ಮುಖ್ಯವಾಗಿ ಸ್ಥಾಪಕರನ್ನು ನಂಬಿ ಹಣ ತೊಡಗಿಸಿದರೆ, ಈ ಹಂತದವರು ಲೆಕ್ಕಪತ್ರಗಳನ್ನು, ಗ್ರಾಹಕರು ಮರಳಿ ಬರುವ ಪ್ರಮಾಣವನ್ನು, ಪ್ರತಿ ಮಾರಾಟದಲ್ಲಿ ಉಳಿಯುವ ಹಣವನ್ನು ಪರಿಶೀಲಿಸುತ್ತಾರೆ.

ಭಾರತದಲ್ಲಿ ಇದರ ಏರಿಳಿತಗಳನ್ನು ಸ್ಪಷ್ಟವಾಗಿ ತೋರಿಸುವ ನಿದರ್ಶನವೆಂದರೆ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟ್. 2009ರಲ್ಲಿ ಆಕ್ಸೆಲ್ ಸಂಸ್ಥೆಯಿಂದ ಸುಮಾರು 10 ಲಕ್ಷ ಡಾಲರ್ ಪಡೆದ ಈ ಕಂಪನಿ, 2014ರ ಜುಲೈನಲ್ಲಿ ಒಂದೇ ಸುತ್ತಿನಲ್ಲಿ 100 ಕೋಟಿ ಡಾಲರ್ ಸಂಗ್ರಹಿಸಿತು. 2015ರಲ್ಲಿ ಸುಮಾರು 1,500 ಕೋಟಿ ಡಾಲರಿಗೆ ಏರಿದ್ದ ಅದರ ಮೌಲ್ಯವನ್ನು, ಟೆನ್ಸೆಂಟ್, ಈಬೇ ಮತ್ತು ಮೈಕ್ರೋಸಾಫ್ಟ್ 140 ಕೋಟಿ ಡಾಲರ್ ಹೂಡಿದ 2017ರ ಸುತ್ತಿನಲ್ಲಿ 1,160 ಕೋಟಿಗೆ ಇಳಿಸಲಾಯಿತು. ಹೀಗೆ ಹಿಂದಿನದಕ್ಕಿಂತ ಕಡಿಮೆ ಬೆಲೆಗೆ ನಡೆಯುವ ಸುತ್ತನ್ನು ಉದ್ಯಮವಲಯದಲ್ಲಿ ಡೌನ್ ರೌಂಡ್ ಎಂದು ಕರೆಯುತ್ತಾರೆ. ಮರುವರ್ಷ ವಾಲ್‌ಮಾರ್ಟ್ ಸುಮಾರು ಶೇ. 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಾಗ, ಹಳೆಯ ಹೂಡಿಕೆದಾರರಲ್ಲಿ ಹಲವರಿಗೆ ನಿರ್ಗಮನದ ದಾರಿ ದೊರೆಯಿತು.

ಸುದ್ದಿಯಾಗುವುದು ಮೌಲ್ಯವಾದರೂ ನಿರ್ಣಾಯಕವಾದದ್ದು ಒಪ್ಪಂದದ ಷರತ್ತು. ಹೂಡಿಕೆದಾರರು ಸಾಮಾನ್ಯವಾಗಿ ಪಡೆಯುವುದು ಆದ್ಯತಾ ಷೇರುಗಳನ್ನು. ಕಂಪನಿ ಮಾರಾಟವಾದರೆ ಮೊದಲು ತಮ್ಮ ಅಸಲನ್ನು ಹಿಂಪಡೆಯುವ ಹಕ್ಕು ಅವುಗಳನ್ನು ಹೊಂದಿದವರಿಗಿರುತ್ತದೆ. 100 ಕೋಟಿ ರೂಪಾಯಿ ಹೂಡಿ ಶೇ. 10ರ ಪಾಲು ಪಡೆದವರಿಗೆ ಕಾಗದದ ಮೇಲೆ 1,000 ಕೋಟಿ ಬೆಲೆಯ ಕಂಪನಿಯಲ್ಲಿ ಪಾಲಿರುತ್ತದೆ. ಅದು 150 ಕೋಟಿಗೆ ಮಾತ್ರ ಮಾರಾಟವಾದರೆ ಅವರು 15 ಕೋಟಿಯನ್ನಲ್ಲ, ಪೂರ್ತಿ 100 ಕೋಟಿಯನ್ನು ಪಡೆಯುತ್ತಾರೆ, ಉಳಿದ 50 ಕೋಟಿಯನ್ನು ಶೇ. 90ರ ಪಾಲುದಾರರು ಹಂಚಿಕೊಳ್ಳಬೇಕಾಗುತ್ತದೆ. ಇದರ ಭಾರ ಹೆಚ್ಚಾಗಿ ಬೀಳುವುದು, ಸಂಬಳದ ಒಂದು ಭಾಗವಾಗಿ ಸಾಮಾನ್ಯ ಷೇರುಗಳ ಭರವಸೆ ಪಡೆದ ನೌಕರರ ಮೇಲೆ. ಹೊಸ ಆದ್ಯತಾ ಷೇರಿನ ಬೆಲೆಯನ್ನು ಎಲ್ಲ ಷೇರುಗಳಿಗೂ ಅನ್ವಯಿಸಿ ಗುಣಿಸಿದ ಮೊತ್ತವೇ ಪ್ರಕಟಿತ ಮೌಲ್ಯವಾದ್ದರಿಂದ, ಅದನ್ನು ಕಂಪನಿಯ ನಿಜಬೆಲೆಯೆಂದು ತಿಳಿಯುವುದು ತಪ್ಪು.

ಭಾರತದಲ್ಲಿ ಕಂಪನಿಯು ಸಾರ್ವಜನಿಕರಿಗೆ ಷೇರು ನೀಡಿ ಷೇರುಪೇಟೆ ಸೇರುವ ಮುನ್ನ ಇಂಥ ಪರಿವರ್ತನೀಯ ಆದ್ಯತಾ ಷೇರುಗಳು ಸಾಮಾನ್ಯ ಷೇರುಗಳಾಗಿ ಬದಲಾಗುತ್ತವೆ. ಅವುಗಳೊಂದಿಗಿದ್ದ ಮೊದಲ ಹಕ್ಕೂ ಅಲ್ಲಿಗೆ ಕೊನೆಗೊಳ್ಳುತ್ತದೆ.