ಮರದ ಬಿಲ್ಲಿಗೆ ಕೊಂಬು, ನರ

ಕಂದಿಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ಬಿಲ್ಲು ಮಾಡುವ ಸಾಮಾನಿಗೆ ಬರವಿಲ್ಲ. ಬಿದಿರಿನ ಸೀಳು ಅಥವಾ ಅಡಿಕೆ ದಬ್ಬೆ, ಹೆದೆಗೆ ನಾರಿನ ಹುರಿ, ಬಾಣಕ್ಕೆ ತೆಂಗಿನ ಕಡ್ಡಿ. ಮಕ್ಕಳು ಮಾಡಿಕೊಂಡ ಇಂಥ ಬಿಲ್ಲು ಎರಡು ದಿನ ಆಡಿ, ಮೂರನೆಯ ದಿನ ಬಾಗಿದಂತೆಯೇ ಉಳಿಯುತ್ತದೆ, ಇಲ್ಲವೇ ನಡುವೆ ಸಿಬಿರೆದ್ದು ಮುರಿಯುತ್ತದೆ. ಅದನ್ನು ಗಟ್ಟಿ ಮಾಡುವುದು ಹೇಗೆ? ಇದು ಹುಡುಗಾಟದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಬೇಡನ ಅನ್ನವೂ ಅರಸನ ಗದ್ದುಗೆಯೂ ಒಂದು ಕಾಲಕ್ಕೆ ಇದೇ ಪ್ರಶ್ನೆಗೆ ಅಂಟಿಕೊಂಡಿದ್ದವು.

ಹೆದೆಯನ್ನು ಎಳೆದಾಗ ಬಿಲ್ಲಿನ ಹೊರಮೈ, ಅಂದರೆ ಗುರಿಯ ಕಡೆಗಿರುವ ಮೈ, ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮುರಿತ ಸಾಮಾನ್ಯವಾಗಿ ಶುರುವಾಗುವುದು ಹೊರಮೈಯಿಂದ. ಬಿದಿರಿನ ಗಟ್ಟಿ ನಾರು ದಟ್ಟವಾಗಿರುವುದು ಸಿಪ್ಪೆಯ ಹತ್ತಿರ. ಆದ್ದರಿಂದ ಸಿಪ್ಪೆಯನ್ನು ಮುಟ್ಟದೆ ಹೊರಗಿಟ್ಟು, ಒಳಮೈಯನ್ನಷ್ಟೇ ಕೆತ್ತಬೇಕು. ಅದರ ಜೊತೆಗೆ ಇನ್ನೊಂದು ದಬ್ಬೆ ಕೂಡಿಸಿ ಹುರಿ ಸುತ್ತಿದರೆ ಬಿಗಿ ಹೆಚ್ಚುತ್ತದೆ. ಲಾರಿಯ ಕಮಾನು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುವುದೂ ಇದೇ ಲೆಕ್ಕದಲ್ಲಿ. ಒಂದೇ ದಪ್ಪದ ಎರಡು ದಬ್ಬೆಗಳನ್ನು ಬರಿದೆ ಕಟ್ಟಿದರೆ ಬಿಗಿ 2 ಪಟ್ಟು. ಜಾರದಂತೆ ಅಂಟಿಸಿ ಒಂದೇ ಮೈ ಮಾಡಿದರೆ 8 ಪಟ್ಟು! ಆದರೆ ದಪ್ಪವಾದಷ್ಟೂ ಹೊರಮೈ ಹೆಚ್ಚು ಹಿಗ್ಗಬೇಕಾಗುತ್ತದೆ. ಮರಕ್ಕೆ ಅಷ್ಟು ತಾಳಿಕೆಯಿಲ್ಲ.

ಈ ಮಿತಿಯನ್ನು ದಾಟಲು ಮನುಷ್ಯ ಪ್ರಾಣಿಯ ಮೊರೆ ಹೋದ. ಹಿಗ್ಗುವ ಹೊರಮೈಗೆ ನರದ ಎಳೆ, ಕುಗ್ಗುವ ಒಳಮೈಗೆ ಎಮ್ಮೆಯಂಥ ಪ್ರಾಣಿಯ ಕೊಂಬು, ನಡುವೆ ತೆಳ್ಳನೆಯ ಮರ. ಮೂರನ್ನೂ ಹಿಡಿಯಲು ಚರ್ಮ, ನರ ಕುದಿಸಿದ ಅಂಟು. ಹೀಗೆ ಮಾಡಿದ ಬಿಲ್ಲು ಗಿಡ್ಡವಾದರೂ ಬಲವಾದದ್ದು. ಓಡುವ ಕುದುರೆಯ ಮೇಲಿಂದಲೂ ಹೂಡಬಹುದು. ಇದರಲ್ಲಿ ಮಧ್ಯ ಏಷ್ಯಾದ ತುರ್ಕರ ಕೈ ಪಳಗಿತ್ತು. ಹಾಗೆಂದು ಕೊಂಬಿನ ಬಿಲ್ಲು ಈ ನೆಲಕ್ಕೆ ಅವರಿಂದಲೇ ಗೊತ್ತಾಯಿತೆನ್ನುವುದು ಸರಿಯಲ್ಲ. ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಸುತ್ತದೆ. ಹೆದೆಗೆ ನಮ್ಮ ಬೇಲಿ ಬದಿಯ ಎಕ್ಕದ ನಾರನ್ನೂ ಹೇಳುತ್ತದೆ. ವಿಷ್ಣು ಶಾರ್ಙ್ಗಪಾಣಿಯಾದದ್ದು ಕೊಂಬಿನ ಬಿಲ್ಲು ಹಿಡಿದುದರಿಂದ. ಇತ್ತ ಕನ್ನಡದ ಕಮಾನು ಫಾರಸಿಯದು, ಅಲ್ಲಿ ಅದರ ಅರ್ಥವೇ ಬಿಲ್ಲು.

ಕನ್ನಡ ನಾಡಿನಲ್ಲಿ ಈ ವಿದ್ಯೆ ರಾಜಕಾರಣದ ಚರ್ಚೆಯಾದದ್ದು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ. ಬಹಮನಿಗಳ ಎದುರು ಮತ್ತೆ ಮತ್ತೆ ಸೋಲುತ್ತಿರುವುದೇಕೆಂದು ಅರಸ ಸಭೆ ಕರೆದು ಕೇಳಿದನಂತೆ. ಅವರ ಕುದುರೆ ಉತ್ತಮ, ಅವರ ಬಿಲ್ಲುಗಾರರು ನಿಪುಣರು ಎಂಬ ಉತ್ತರ ಬಂತು. ದೇವರಾಯ ಮುಸ್ಲಿಮರನ್ನು ಸೈನ್ಯಕ್ಕೆ ಸೇರಿಸಿಕೊಂಡು ಜಾಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಅವರು ಮುಜುಗರವಿಲ್ಲದೆ ಸಲಾಮು ಮಾಡಲೆಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದ. ಅವರಿಂದ ತನ್ನವರಿಗೂ ಬಿಲ್ವಿದ್ಯೆ ಕಲಿಸಿದ. ಕೊನೆಗೆ 2,000 ಮುಸ್ಲಿಮರು, 60,000 ಹಿಂದೂಗಳು ನುರಿತ ಬಿಲ್ಲುಗಾರರಾಗಿ ಅವನ ಬಳಿಯಿದ್ದರಂತೆ. ಇದನ್ನು ಬರೆದವನು ವಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ, ಅದೂ ಒಂದೂವರೆ ಶತಮಾನದ ನಂತರ. ಅವನ ಸಂಖ್ಯೆಗಳನ್ನು ಒಂದಿಷ್ಟು ಸೋಸಿಯೇ ಓದಬೇಕು. ಆದರೆ ದೇವರಾಯನಿಗೆ 10,000 ತುರುಷ್ಕ ಕುದುರೆ ಸವಾರರಿದ್ದರೆಂದು 1430ರ ಶಾಸನವೂ ಹೇಳುತ್ತದೆ. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ವಿಜಯನಗರವನ್ನು ಎರಡೇ ಬಣ್ಣದಲ್ಲಿ ಬರೆಯುವವರು ಈ ಪುಟವನ್ನು ಬೇಗನೆ ತಿರುವಿಹಾಕುತ್ತಾರೆ.

ಇಷ್ಟೆಲ್ಲ ಮಾಡಿ ದೇವರಾಯ ಗೆದ್ದನೇ ಎಂದರೆ, ಇಲ್ಲ. 1443ರ ಯುದ್ಧ ಸಂಧಿಯಲ್ಲಿ ಮುಗಿಯಿತು. ಕೊಂಬು, ನರದ ಬಿಲ್ಲಿಗೂ ಒಂದು ಶತ್ರುವಿತ್ತು: ತೇವ. ಮಳೆಗಾಲದಲ್ಲಿ ಅಂಟು ಸಡಿಲಗೊಂಡು ನರ ಜೋಲುತ್ತದೆ. ಅದಕ್ಕಾಗಿಯೇ ಭಾರತದ ಕುಶಲಕರ್ಮಿಗಳು ಉಕ್ಕಿನ ಬಿಲ್ಲನ್ನೂ ಮಾಡಿದರು. ಅದರ ಹೊಡೆತ ಕೊಂಬಿನದರಷ್ಟು ಚುರುಕಲ್ಲ, ಆದರೆ ವರ್ಷಗಟ್ಟಲೆ ಆಯುಧಶಾಲೆಯಲ್ಲಿಟ್ಟರೂ ಕೆಡುವುದಿಲ್ಲ. ಕಾಡಿನವನ ಬಿದಿರಿನ ಬಿಲ್ಲಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಮುರಿದರೆ ಮೆಳೆಯಲ್ಲಿ ಇನ್ನೊಂದು ಬಿದಿರು.

ಕೋವಿ ಬಂದ ಮೇಲೆ ಬಿಲ್ಲು ಕಟ್ಟುವವರಿಗೆ ಕೆಲಸವಿಲ್ಲದಾಯಿತು. ಗುಜರಾತಿನ ಕಛ್‌ನಲ್ಲಿ ಈ ಕಸುಬಿನ ಮುಸ್ಲಿಮರನ್ನು ಕಮಾನ್‌ಗರ್ ಎನ್ನುತ್ತಾರೆ. ಬಿಲ್ಲಿಗೆ ಬಣ್ಣ ಹಚ್ಚುತ್ತಿದ್ದ ಅವರ ಕೈ ಮುಂದೆ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿತು.