ಮಂಜುಗಡ್ಡೆಯ ಮೇಲಿನ ಹಾಕಿ: ನಮ್ಮೂರಿನ ಎರಡು ತಂಡಗಳ ಕಥೆ

ಹಾಕಿ ಎಂದೊಡನೆ ನಮ್ಮಂಥವರ ಕಣ್ಣಿಗೆ ಕಟ್ಟುವುದು ಕೊಡಗು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇವರ ಹೆಸರು ಕೇಳುತ್ತ ಬೆಳೆದವನು ನಾನು. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಈ ದೇಶದ ಚಳಿಯೂರೊಂದಕ್ಕೆ ಬಂದಿಳಿದಾಗ ತಿಳಿಯಿತು, ಇಲ್ಲಿ ಹಾಕಿಗೆ ಹುಲ್ಲು ಬೇಡ, ಮಂಜುಗಡ್ಡೆ ಬೇಕು. ಚೆಂಡಿನ ಬದಲು ತೂತಿಲ್ಲದ ಉದ್ದಿನವಡೆಯಂಥ ಗಟ್ಟಿ ರಬ್ಬರಿನ ಬಿಲ್ಲೆ. ಅದರ ಹೆಸರು ಪಕ್. ರಾತ್ರಿಪಾಳಿಯಲ್ಲಿ ಹರಿದ ತುಟಿ, ಮುರಿದ ಹಲ್ಲುಗಳ ಮೂಲಕವೇ ಈ ಆಟದ ಪರಿಚಯ ನನಗಾಯಿತು.

ಈಗ ಬೇ ಏರಿಯಾದಲ್ಲಿ ನೆಲೆಸಿ ವರ್ಷಗಳು ಕಳೆದಿವೆ. ಈಚೆಗೆ ಮಗಳು, "ಅಪ್ಪಾ, ನಾನೂ ಐಸ್ ಹಾಕಿ ಕಲೀತೀನಿ, ಇಲ್ಲಿ ಸೈನ್ ಮಾಡು" ಎಂದು ಕಾಗದವೊಂದನ್ನು ಮುಂದಿಟ್ಟಳು. ತಲೆಪೆಟ್ಟಿನ ಅಪಾಯಗಳನ್ನು ಓದಿದ್ದೇನೆಂದು ಪೋಷಕರು ಸಹಿ ಮಾಡಬೇಕಾದ ಪತ್ರವದು. ದಿನವೂ ಅದನ್ನೇ ಇತರರಿಗೆ ವಿವರಿಸುವ ನನ್ನ ಕೈ ಅಂದು ತಡೆಯಿತು. ಸಹಿಗೆ ಮುಂಚೆ ಈ ಆಟದ ಚರಿತ್ರೆಯನ್ನು ಕೆದಕಿದೆ. ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನ್ಯಾಷನಲ್ ಹಾಕಿ ಲೀಗ್ ಹುಟ್ಟಿದ್ದು 1917ರ ನವೆಂಬರ್‌ನಲ್ಲಿ, ಕೆನಡಾದ ಮಾಂಟ್ರಿಯಾಲ್‌ನಲ್ಲಿ. 1942ರಿಂದ ಇಪ್ಪತ್ತೈದು ವರ್ಷ ಅದರಲ್ಲಿದ್ದುದು ಆರೇ ತಂಡಗಳು. 1967ರಲ್ಲಿ ಇನ್ನೂ ಆರು ತಂಡಗಳು ಒಮ್ಮೆಗೇ ಸೇರಿದವು. ಅವುಗಳಲ್ಲೊಂದು ನಮ್ಮ ಓಕ್‌ಲೆಂಡಿನ ಸೀಲ್ಸ್. ಇನ್ನೊಂದು ಮಿನೆಸೋಟಾ ನಾರ್ತ್ ಸ್ಟಾರ್ಸ್.

ಆ ಮೊದಲ ವರ್ಷವೇ, 1968ರ ಜನವರಿ 13ರಂದು, ಮಿನೆಸೋಟಾದಲ್ಲಿ ಈ ಎರಡು ತಂಡಗಳು ಎದುರಾದವು. ನಾರ್ತ್ ಸ್ಟಾರ್ಸ್ ತಂಡದ ಚರಿತ್ರೆಯ ಮೊಟ್ಟಮೊದಲ ಗೋಲು ಹೊಡೆದಿದ್ದ ಬಿಲ್ ಮಾಸ್ಟರ್‌ಟನ್, ಸೀಲ್ಸ್ ಆಟಗಾರರೊಡನೆ ಡಿಕ್ಕಿಯಾಗಿ ಹಿಮ್ಮುಖವಾಗಿ ಬಿದ್ದ. ತಲೆ ಮಂಜುಗಡ್ಡೆಗೆ ಬಡಿಯಿತು. ಹೆಲ್ಮೆಟ್ ಇರಲಿಲ್ಲ, ಆಗ ಬಹುತೇಕ ಯಾರೂ ಧರಿಸುತ್ತಿರಲಿಲ್ಲ, ಧರಿಸುವುದು ಪುಕ್ಕಲುತನವೆಂಬ ಭಾವನೆಯಿತ್ತು. ಮೆದುಳಿನೊಳಗನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಕೂಡ ಆಗಿನ್ನೂ ಇರಲಿಲ್ಲ. ಲಂಡನ್ನಿನಲ್ಲಿ ಮೊದಲ ರೋಗಿಗೆ ಅದನ್ನು ಮಾಡಿದ್ದು 1971ರಲ್ಲಿ. ಜನವರಿ 15ರಂದು ಮಾಸ್ಟರ್‌ಟನ್ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ. ಆಟದ ಪೆಟ್ಟಿನಿಂದಲೇ ನೇರವಾಗಿ ಪ್ರಾಣ ಕಳೆದುಕೊಂಡ ಆಟಗಾರ ಆ ಲೀಗ್‌ನ ಚರಿತ್ರೆಯಲ್ಲಿ ಅವನೊಬ್ಬನೇ. ಅದೇ ವರ್ಷದಿಂದ, ಛಲ ಮತ್ತು ಕ್ರೀಡಾನಿಷ್ಠೆ ಮೆರೆದ ಆಟಗಾರನಿಗೆ ಅವನ ಹೆಸರಿನ ಪಾರಿತೋಷಕ ಸಲ್ಲುತ್ತಿದೆ.

ಆದರೂ ಹೆಲ್ಮೆಟ್ ಕಡ್ಡಾಯವಾಗಲು ಹನ್ನೊಂದು ವರ್ಷ ಬೇಕಾಯಿತು. 1979ರ ನಿಯಮವೂ ಹೊಸದಾಗಿ ವೃತ್ತಿಗೆ ಸೇರುವವರಿಗೆ ಮಾತ್ರ. ಹಳಬರು ಬೇಡವೆಂದು ಬರೆದುಕೊಟ್ಟು ಬರಿದಲೆಯಲ್ಲೇ ಆಡಿದರು. ಅವರಲ್ಲಿ ಕೊನೆಯವನಾದ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತನಾದದ್ದು 1997ರಲ್ಲಿ.

ಇತ್ತ ನಮ್ಮ ಸೀಲ್ಸ್ ಪಾಡು ಕೇಳಬೇಡಿ. ಬೇಸ್‌ಬಾಲ್ ತಂಡದ ಒಡೆಯ ಚಾರ್ಲಿ ಫಿನ್ಲಿ 1970ರಲ್ಲಿ ಅದನ್ನು ಕೊಂಡು, ಆಟಗಾರರಿಗೆ ಬಿಳಿ ಸ್ಕೇಟ್ ತೊಡಿಸಿದ. ಬಣ್ಣ ಬದಲಾಯಿತೇ ಹೊರತು ಭಾಗ್ಯ ಬದಲಾಗಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಹಿರಿಯರು ಇಲ್ಲಿ ಕನ್ನಡದ ಮನೆಗಳನ್ನು ಹುಡುಕಿಕೊಂಡು ಒಂದೆಡೆ ಸೇರತೊಡಗಿದ್ದ ಕಾಲದಲ್ಲೇ, ಪ್ರೇಕ್ಷಕರಿಲ್ಲದೆ ಸೊರಗಿದ ಸೀಲ್ಸ್ 1976ರಲ್ಲಿ ಗಂಟುಮೂಟೆ ಕಟ್ಟಿ ಕ್ಲೀವ್‌ಲೆಂಡಿಗೆ ಹೋಯಿತು. ಅಲ್ಲಿಯೂ ಬೇರು ಬಿಡಲಿಲ್ಲ. 1978ರಲ್ಲಿ ಅದು ವಿಲೀನವಾದದ್ದು ಯಾವ ತಂಡದಲ್ಲಿ ಬಲ್ಲಿರಾ? ಮಾಸ್ಟರ್‌ಟನ್ ಆಡಿದ್ದ ಮಿನೆಸೋಟಾ ನಾರ್ತ್ ಸ್ಟಾರ್ಸ್‌ನಲ್ಲಿ!

ಅದರ ಒಡೆಯರಾದ ಗಂಡ್ ಸೋದರರು 1990ರಲ್ಲಿ ಮಿನೆಸೋಟಾ ತಂಡವನ್ನು ಮಾರಿ, ಬೇ ಏರಿಯಾದಲ್ಲಿ ಹೊಸ ತಂಡ ಕಟ್ಟಲು ಅನುಮತಿ ಪಡೆದರು. ಹಳೆಯ ತಂಡದಿಂದ ಕೆಲವು ಆಟಗಾರರನ್ನೂ ಕರೆತಂದರು. ಹೀಗೆ 1991ರಲ್ಲಿ ಸ್ಯಾನ್ ಹೊಸೆ ಶಾರ್ಕ್ಸ್ ಹುಟ್ಟಿತು. ಮೊದಲೆರಡು ವರ್ಷ ಡೇಲಿ ಸಿಟಿಯ ಕೌ ಪ್ಯಾಲೆಸ್ ಅದರ ಬಾಡಿಗೆಮನೆ. ಎರಡನೆಯ ವರ್ಷ 84 ಆಟಗಳಲ್ಲಿ 71 ಸೋಲು! ಆ ಸೋಲಿನ ತಂಡದಲ್ಲಿ ರಾಬಿನ್ ಬಾವಾ ಎಂಬ ಪಂಜಾಬಿ ಮೂಲದ ಆಟಗಾರನಿದ್ದ. ಈ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಸಂಜಾತ. 1993ರಲ್ಲಿ ಸ್ಯಾನ್ ಹೊಸೆಯ ಸ್ವಂತ ಮನೆ ಸಿದ್ಧವಾಯಿತು. ಮರುವರ್ಷದ ವಸಂತದಲ್ಲಿ ಅದೇ ತಂಡ ಬಲಾಢ್ಯ ಡೆಟ್ರಾಯಿಟನ್ನು ಏಳು ಆಟಗಳ ಸರಣಿಯಲ್ಲಿ ಮಣಿಸಿತು. ಊರು ಹುಚ್ಚೆದ್ದು ಕುಣಿಯಿತು.

ಆದರೆ ನನ್ನ ಮನಸ್ಸು ನಿಂತದ್ದು ಬೇರೊಂದು ಘಟನೆಯಲ್ಲಿ. 1996ರ ಆರಂಭದಲ್ಲಿ ಲಾಸ್ ಏಂಜಲಿಸ್ ತಂಡದ ಟೋನಿ ಗ್ರನಾಟೊನ ತಲೆಗೆ ಪೆಟ್ಟಾಗಿ, ಮೆದುಳಿನಲ್ಲಿ ರಕ್ತಸ್ರಾವವಾಯಿತು. ಶಸ್ತ್ರಚಿಕಿತ್ಸೆಯಿಂದ ಬದುಕಿದ. ಆ ಬೇಸಿಗೆಯಲ್ಲಿ ಶಾರ್ಕ್ಸ್ ಸೇರಿ, ವಿಶೇಷ ಹೆಲ್ಮೆಟ್ ಧರಿಸಿ, 25 ಗೋಲು ಹೊಡೆದ. 1997ರ ಮಾಸ್ಟರ್‌ಟನ್ ಪಾರಿತೋಷಕ ಅವನಿಗೇ ಸಂದಿತು. ನಮ್ಮೂರಿನ ಮೊದಲ ತಂಡದೆದುರು ಆಡುತ್ತ ಮಡಿದವನ ಹೆಸರಿನ ಗೌರವ, ನಮ್ಮೂರಿನ ಎರಡನೆಯ ತಂಡದಲ್ಲಿ ಆಡುತ್ತ ಮರುಜನ್ಮ ಕಂಡವನಿಗೆ!

ವೈದ್ಯನಾಗಿ ಒಂದು ಮಾತು. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ. ಆದರೆ ಬುರುಡೆಯೊಳಗೆ ಮೆದುಳು ಅಲುಗುವುದನ್ನು ಪೂರ್ತಿಯಾಗಿ ತಡೆಯಲಾರದು. ಆದ್ದರಿಂದಲೇ ಮಕ್ಕಳ ತಲೆಗೆ ಪೆಟ್ಟಾದ ಅನುಮಾನವಿದ್ದರೂ ಆಟದಿಂದ ಕೂಡಲೇ ಹೊರಗಿರಿಸಬೇಕು, ವೈದ್ಯರ ಲಿಖಿತ ಅನುಮತಿಯಿಲ್ಲದೆ ಮರಳಿ ಆಡಿಸಬಾರದು ಎಂಬ ಕ್ಯಾಲಿಫೋರ್ನಿಯಾದ ಕಾನೂನು 2017ರಿಂದ ಶಾಲೆಯ ಹೊರಗಿನ ತಂಡಗಳಿಗೂ ಅನ್ವಯಿಸಿದೆ. "ಏನೂ ಆಗಿಲ್ಲ, ಎದ್ದು ಆಡು" ಎನ್ನುವ ನಮ್ಮ ಹಳೆಯ ಅಭ್ಯಾಸವನ್ನು ತಾಯಿತಂದೆಯರು ದಯವಿಟ್ಟು ಬಿಡಬೇಕು.

ಕೊನೆಗೂ ನಾನು ಸಹಿ ಮಾಡಿದೆ. ಮೊದಲ ದಿನ ಮಗಳು ಹತ್ತಾರು ಸಲ ಬಿದ್ದಳು. ಪ್ರತಿ ಸಲವೂ ಗಾಜಿನಾಚೆ ನಿಂತ ನನ್ನ ಜೀವ ಬಾಯಿಗೆ ಬಂದಿತ್ತು. ಪ್ರತಿ ಸಲವೂ ಅವಳು ಎದ್ದು, ಹೆಲ್ಮೆಟ್ ಸರಿಪಡಿಸಿಕೊಂಡು, ನನ್ನತ್ತ ಕೈ ಬೀಸಿದಳು.